ಹಳದಿ ಗೆರೆಯ ಈಚೆ ಕುಸುನೋಕಿ

ಯೊಕೊಹಾಮಾದಲ್ಲಿ ಇನ್ನೂ ಮೊದಲ ರೈಲು ಹೊರಟಿಲ್ಲ. ಎಪ್ಪತ್ತರ ಅಂಚಿನ ತೆತ್ಸುಜಿ ಕುಸುನೋಕಿ ಪ್ರಯೋಗಾಲಯದ ಬಾಗಿಲು ತೆರೆದು, ನೆಲಕ್ಕೆ ಬಳಿದ ಹಳದಿ ಗೆರೆಯ ಮುಂದೆ ನಿಲ್ಲುತ್ತಾರೆ. ಗೆರೆಯಾಚೆ ಆಳೆತ್ತರದ ಉಕ್ಕಿನ ಪೀಪಾಯಿ. ಅದರೊಳಗೆ, ವಿದ್ಯುತ್ತಿಗೆ ತಡೆಯೇ ಉಳಿಯದಂಥ ಕೊರೆಯುವ ಚಳಿಯಲ್ಲಿ, ಒಂದು ಸುರುಳಿ. ರೈಲು ಓಡಲು ಶುರುವಾದರೆ ಅದರ ವಿದ್ಯುತ್ತು ಅಳತೆಯನ್ನು ಕೆಡಿಸುತ್ತದೆ. ಅದಕ್ಕೇ ಈ ಹೊತ್ತು. ಪರದೆಯ ಮೇಲಿನ ಅಂಕಿ ನೋಡಿ ಮುಖ ತಿರುಗಿಸುತ್ತಾರೆ. "ಇವತ್ತೂ ಇಳಿದಿದೆ," ಎನ್ನುತ್ತಾರೆ, ವರದಿ ಬರೆಯಲು ಬಂದ ನನಗೆ.

ಇಳಿಯಬಾರದು. ಈ ಸುರುಳಿಗೆ ಒಮ್ಮೆ ವಿದ್ಯುತ್ತು ತುಂಬಿ, ತುದಿಗಳನ್ನು ಕೂಡಿಸಿ, ಹೊರಗಿನ ತಂತಿ ಕಳಚಿಬಿಟ್ಟರೆ, ಅದು ಯಾರ ಹಂಗೂ ಇಲ್ಲದೆ ವರ್ಷಗಟ್ಟಲೆ ಒಳಗೇ ಸುತ್ತುತ್ತಿರಬೇಕು. ಆ ಸುತ್ತಾಟದಿಂದಲೇ ಸುರುಳಿ ಆಯಸ್ಕಾಂತವಾಗುತ್ತದೆ, ಅದರ ಬಲ ಕೂದಲೆಳೆಯಷ್ಟೂ ಕುಗ್ಗಬಾರದು. ಹಳೆಯ ಲೋಹದ ತಂತಿಯಲ್ಲಿ ಇದು ಸಲೀಸು. ಹೊಸದು ಪಿಂಗಾಣಿಯಂಥ ಪದಾರ್ಥ ಲೇಪಿಸಿದ ಪಟ್ಟಿ. ಬೆಸೆಯುವುದೇ ದೊಡ್ಡ ಪಡಿಪಾಟಲು. ಆ ಬೆಸುಗೆಗಳೆಲ್ಲ ಕುಸುನೋಕಿಯವರ ಕೈಯವು. ಪ್ರಕಟವಾದ ಪ್ರಬಂಧಗಳಲ್ಲಿ ಅವರ ಹೆಸರು ಹುಡುಕಬೇಡಿ, ಇಲ್ಲ.

ಕಳೆದ ಶರತ್ಕಾಲದಲ್ಲಿ ಅವರ ಎದೆಗೆ ಪೇಸ್‌ಮೇಕರ್ ಕೂರಿಸಿದರು. ಗೆರೆ ದಾಟಿದರೆ ಆಯಸ್ಕಾಂತ ಅದರ ಲಯ ಕೆಡಿಸೀತು. ಹೀಗಾಗಿ, ತಾವೇ ಬೆಸೆದ ಸುರುಳಿಗೆ ಜೀವ ಬಂದ ಮೇಲೆ ಅವರು ಅದರ ಬಳಿ ಹೋದದ್ದೇ ಇಲ್ಲ.

"ನೋಡಿ ತಮಾಷೆ. ಅದಕ್ಕೆ ಬ್ಯಾಟರಿ ಬೇಡ, ನನಗೆ ಬೇಕು," ಎಂದು ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಕುಸುನೋಕಿಯವರು ಸೆನ್ಸೇಯಿ, ಅಂದರೆ ಗುರು, ಎಂದು ಕರೆಯುವ ತಂಡದ ಮುಖ್ಯಸ್ಥೆ ಮಿಹಾರಾ ನಮಗೆ ಬಾರ್ಲಿ ಚಹಾ ತಂದುಕೊಡುತ್ತಾರೆ. ಮಾರ್ಚ್‌ಗೆ ಅನುದಾನ ಮುಗಿಯುತ್ತದೆ, ಆಮೇಲೆ ಈ ತಂಡವೇ ಇಲ್ಲ. ಆಯಸ್ಕಾಂತದ ಬಲ ಕುಗ್ಗದೆ ನಿಂತಿದ್ದರೆ ಇನ್ನಷ್ಟು ಕಾಲ ಸಿಗುತ್ತಿತ್ತು.

"ಕುಸುನೋಕಿ ಸಾನ್, ಪಟ್ಟಿಯದೇ ದೋಷ ಇರಬಹುದು. ನೀವ್ಯಾಕೆ ತಲೆಗೆ ಕಟ್ಕೋತೀರಿ?"

"ಪಟ್ಟಿ ಸರಿಯಾಗೇ ಇದೆ, ಸೆನ್ಸೇಯಿ. ಕೊನೇ ಬೆಸುಗೆ ಸರಿಯಿಲ್ಲ. ಅದು ನಂದು."

ಬೆಸೆಯುವಾಗ ಪಟ್ಟಿ ಕಳೆದುಕೊಂಡ ಆಮ್ಲಜನಕವನ್ನು ಮತ್ತೆ ಹೀರಿಕೊಳ್ಳಲು ದಿನಗಟ್ಟಲೆ ಕುಲುಮೆಯಲ್ಲಿರಬೇಕು. ಕುಲುಮೆ ಹೊತ್ತಿಸಿದವರೇ ಅದನ್ನು ತೆರೆಯಬೇಕೆಂಬುದು ಇಲ್ಲಿಯ ರೂಢಿ.

"ಅವತ್ತು ಎದೆ ಹಿಂಡ್ತಿತ್ತು. ಆಸ್ಪತ್ರೆಗೆ ಹೋದ್ರೆ ವಾಪಸ್ ಬರ್ತೀನೋ ಇಲ್ವೋ ಅಂತ ಅವಧಿಗೆ ಮೊದಲೇ ತೆಗೆದುಬಿಟ್ಟೆ. ಇನ್ನೊಬ್ಬರಿಗೆ ಹೇಳಿ ಹೋಗಬಹುದಿತ್ತು. ಹೇಳಲಿಲ್ಲ."

ಬಿಚ್ಚಿ ಮತ್ತೆ ಬೆಸೆಯಲು ತಿಂಗಳುಗಳೇ ಬೇಕು. ಅಷ್ಟು ಕಾಲ ತಂಡದ ಕೈಯಲ್ಲಿಲ್ಲ. ಶುಕ್ರವಾರ ವಿದ್ಯುತ್ತನ್ನು ಹೊರಹರಿಸಿ ಸುರುಳಿಯನ್ನು ನಿಲ್ಲಿಸಿಬಿಡುತ್ತಾರೆ. ಯಾರ ಮೇಲೆ ಸಿಟ್ಟಾಗುವುದು?

ಏನಾದರೂ ಆಸೆ ಉಳಿದಿದೆಯೇ ಎಂದು ಹೊರಡುವಾಗ ಕುಸುನೋಕಿಯವರನ್ನು ಕೇಳುತ್ತೇನೆ.

"ಶುಕ್ರವಾರ ನನ್ನನ್ನೂ ಕರೀರಿ ಅಂತ ಸೆನ್ಸೇಯಿಗೆ ಹೇಳಿದೀನಿ. ಅದು ಸತ್ತ ಮೇಲೆ ಗೆರೆ ದಾಟಬಹುದಲ್ಲ. ಒಂದ್ಸಲ ಕೈ ಇಟ್ಟು ನೋಡ್ತೀನಿ."