ತುಟಿ ತಾಗದ ನೀರು

ಅವ್ವನ ಕಾಯಿಲೆಯ ಹೆಸರನ್ನು ಹುಬ್ಬಳ್ಳಿಯ ಡಾಕ್ಟರು ಹೇಳಿದಾಗ ನನಗೆ ಅಳು ಬರಲಿಲ್ಲ, ವಾದ ಬಂತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಿಂತು ನಿಂತು ಅಂಟಿದ ಚಾಳಿ. ಎದುರಿಗಿದ್ದವರು ಯಾರೇ ಆಗಲಿ, ಪುರಾವೆ ಕೇಳುತ್ತೇನೆ. ಕೈಕಾಲು ಆಡಿಸುವ ನರಗಳು ಒಂದೊಂದಾಗಿ ಸಾಯುವ ರೋಗ, ವಾಸಿ ಮಾಡುವ ಔಷಧವಿಲ್ಲ ಎಂದರು ಅವರು. ಪುರಾವೆ ಅವರ ಬಳಿ ಇತ್ತು. ಕೊನೆಗೆ ಒಂದು ಎಚ್ಚರಿಕೆ ಕೊಟ್ಟರು: ಅವ್ವ ಗದ್ದ ಬಗ್ಗಿಸಿ, ಲೋಟಕ್ಕೆ ತುಟಿ ಹಚ್ಚಿ, ಗುಟುಕು ಗುಟುಕಾಗಿ ನೀರು ಕುಡಿಯಬೇಕು. ತಲೆ ಮೇಲೆತ್ತಿದರೆ ನೀರು ಶ್ವಾಸಕೋಶಕ್ಕೆ ಇಳಿದೀತು.

ಅವ್ವ ಲೋಟಕ್ಕೆ ತುಟಿ ಹಚ್ಚಿದ್ದನ್ನು ನಾನು ಕಂಡೇ ಇರಲಿಲ್ಲ. ಹಾನಗಲ್ ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದವಳು ಅವಳು. ತಂಬಿಗೆಯನ್ನು ಬಾಯಿಂದ ಗೇಣು ಮೇಲೆ ಹಿಡಿದು ಧಾರೆ ಬಿಟ್ಟು ಕುಡಿಯುವಳು. ತುಟಿ ತಾಗಿದ್ದು ಎಂಜಲು. ಎಂಜಲು ಮುಟ್ಟಿದ ಕೈ ಊರಿನವರು ಉಣ್ಣುವ ಹಿಟ್ಟನ್ನು ಮುಟ್ಟಬಾರದು. ಆ ಕೈಯೇ ಮೊದಲು ಸೋತಿತು. ರೊಟ್ಟಿಯ ಅಂಚು ಹರಿಯತೊಡಗಿತು, ಆಮೇಲೆ ಮಾತು ತೊದಲಿತು.

ಹಿರೇಬೆಂಡಿಗೇರಿಯಿಂದ ಅವಳ ಅಕ್ಕ, ನನ್ನ ದೊಡ್ಡವ್ವ, ಎಣ್ಣೆಯ ಸೀಸೆ ಹಿಡಿದು ಬಂದಳು.

"ಲಕ್ವಾ ಹೊಡದೈತಿ. ತಿಕ್ಕಿದ್ರ ಹೋಗತೈತಿ."

"ಲಕ್ವಾ ಒಮ್ಮಿಗೇ ಹೊಡಿತೈತಿ ದೊಡ್ಡವ್ವಾ. ಇದು ತಿಂಗಳಗಟ್ಲೆ ಮೆಲ್ಲಕ ಏರಕೋಂತ ಬಂದೈತಿ."

"ಹಂಗಾರ ಇದೇನು? ಹೇಳು, ಕಲತಾಕಿ ನೀ."

ಊಟದ ಹೊತ್ತು. ಅವ್ವನ ಮುಂದೆ ಸಾರಿನ ಬಟ್ಟಲಿತ್ತು. ಮೇಲೆ ಎಣ್ಣೆಯ ಹನಿಗಳು ತೇಲುತ್ತಿದ್ದವು. ಚಮಚದಿಂದ ಎರಡನ್ನು ಹತ್ತಿರ ತಳ್ಳಿದೆ; ಕೂಡಿ ಒಂದಾದವು.

"ನಮ್ಮ ಜೀವಕೋಶದಾಗೂ ಹಿಂಗ ಹನಿ ಇರತಾವು. ಸುತ್ತ ಗ್ವಾಡಿ ಇಲ್ಲ, ಆದ್ರೂ ಬ್ಯಾರೆ."

ಓದಿದ್ದನ್ನೆಲ್ಲ ಹೇಳಿದೆ. ಜೀವಕೋಶವೆಂದರೆ ಬರೀ ನೀರು ತುಂಬಿದ ಚೀಲವಲ್ಲ. ಅದರೊಳಗಿನ ಕೆಲವು ಪ್ರೋಟೀನುಗಳು ಬಿಚ್ಚಿದ ನೂಲಿನಂತೆ ಸಡಿಲವಾಗಿರುತ್ತವೆ, ಅಲ್ಲಲ್ಲಿ ತುಸು ಅಂಟು. ಒಂದು ಅಂಟಿನಿಂದ ಏನೂ ಆಗದು. ಆದರೆ ಅಂಥವು ಸಾಕಷ್ಟು ಕಿಕ್ಕಿರಿದರೆ, ಚದುರಿ ಕರಗಿರುವುದಕ್ಕಿಂತ ಒಂದನ್ನೊಂದು ಹಿಡಿದಿರುವುದೇ ಅವಕ್ಕೆ ಸಲೀಸು. ಆಗ ದ್ರವದೊಳಗೇ, ಗೋಡೆಯಿಲ್ಲದೆ, ಇನ್ನೊಂದು ದ್ರವದ ಹನಿ ಕಟ್ಟುತ್ತದೆ. ಬೇಕಾದದ್ದು ಒಳಗೆ ಬಂದು ಹೋಗುತ್ತದೆ; ಕೆಲಸ ಮುಗಿದರೆ ಹನಿ ಕರಗುತ್ತದೆ. ಈ ರೋಗದವರ ನರಗಳಲ್ಲಿ ಅದೇ ಬಗೆಯ ಪ್ರೋಟೀನು ಕರಗದೆ ಗಂಟು ಕಟ್ಟಿದ್ದು ಕಂಡಿದೆ. ಹನಿಯೇ ಹೆಪ್ಪುಗಟ್ಟಿ ಹಾಗಾಯಿತೆಂದು ಹಲವರ ಊಹೆ. ಗಂಟಿನಿಂದ ನರ ಸತ್ತಿತೋ, ಸಾಯುವ ನರವೇ ಗಂಟು ಕಟ್ಟಿತೋ, ಆ ವಾದ ಇನ್ನೂ ಮುಗಿದಿಲ್ಲ.

"ನೀ ಆ ಹನಿ ನೋಡೀಯೇನು?" ಅವ್ವ ತೊದಲುತ್ತಲೇ ಕೇಳಿದಳು.

"ಚಿತ್ರದಾಗ ನೋಡೇನಿ."

"ಗ್ವಾಡಿ ಇಲ್ಲ, ಬ್ಯಾರೆ ಅಂದಿ. ಎಂಜಲಾನೂ ಹಂಗ. ಕಾಣಂಗಿಲ್ಲ. ಆದ್ರೂ ಬ್ಯಾರೆ."

ದೊಡ್ಡವ್ವ ನಕ್ಕು ಎಣ್ಣೆ ಚೆಲ್ಲಿಕೊಂಡಳು. "ಈಗ ಮಾತಾಡು! ಇಷ್ಟು ಕಪ್ ಗೆದ್ದೀಯಲ್ಲ."

"ಹನಿ ನಾ ನಂಬಿದ್ರೂ ಇರತೈತಿ, ಬಿಟ್ರೂ ಇರತೈತಿ. ಎಂಜಲಾ ನೀ ನಂಬಿದ್ರ ಅಷ್ಟ ಇರತೈತಿ," ಎಂದೆ.

"ನಂಬೇನಲ್ಲ ಮತ್ತ," ಎಂದಳು ಅವ್ವ. ಆಮೇಲೆ ತಾನೇ ಪಟ್ಟು ಸಡಿಲಿಸಿದಳು. "ಆತು, ನನಗೊಂದು ಬ್ಯಾರೆ ಲೋಟ ಇಡು. ಇಲ್ಲಾಂದ್ರ ನಿನ್ನ ಒಂದು ಕಪ್ಪನ್ನ ಕೊಡು, ಮ್ಯಾಲ ಕುಂತು ಧೂಳಾ ತಿನ್ನಾಕತ್ತಾವು."

ಅವಳಿಗೆಂದೇ ಬೇರೆ ಲೋಟ ಇಟ್ಟೆ; ಕೆಲವು ವಾರ ಅದು ನಡೆಯಿತು. ತುಟಿ ಹಚ್ಚಿ ಕುಡಿದು, ತಾನೇ ಬಚ್ಚಲಿಗೆ ಹೋಗಿ ಬೂದಿ ಹಚ್ಚಿ ತಿಕ್ಕುವಳು. ಆಮೇಲೆ ಬೆರಳುಗಳು ಲೋಟವನ್ನು ಹಿಡಿಯದಾದವು. ಅದು ಬಚ್ಚಲ ಕಲ್ಲಿನ ಮೇಲೆ ಬಿದ್ದು ಉರುಳಿದ ಸದ್ದಿಗೆ ಓಡಿ ಹೋದೆ. ಎತ್ತಿ ತೊಳೆಯಹೋದರೆ ಅಡ್ಡ ನಿಂತಳು.

"ನನ್ನ ಎಂಜಲಾ ನೀ ತೊಳಿಬ್ಯಾಡ."

"ನೀ ನನ್ನ ಹೇಲು ತೊಳದೀಯವ್ವಾ."

"ನಾ ತಾಯಿ."

ಇದಕ್ಕೆ ನನ್ನ ಬಳಿ ಉತ್ತರವಿತ್ತು, ಹೇಳಿದೆ ಕೂಡ. ಅದು ಒಳ್ಳೆಯ ಉತ್ತರವೇ. ಅವಳು ಲೋಟ ಮಾತ್ರ ಮತ್ತೆ ಮುಟ್ಟಲಿಲ್ಲ.

ನಾನು ಪಾಠ ಮಾಡಲು ಹೋದ ಹೊತ್ತಿನಲ್ಲಿ ದೊಡ್ಡವ್ವ ಅವಳ ತಲೆಯನ್ನು ತನ್ನ ತೋಳಿಗೆ ಒರಗಿಸಿಕೊಂಡು, ತಂಬಿಗೆ ಎತ್ತಿ, ಬಾಯಿಗೆ ನೀರು ಬಿಡತೊಡಗಿದಳು. ಕೆಮ್ಮಿದರೆ ನೆತ್ತಿ ತಟ್ಟಿ ಇನ್ನಷ್ಟು ಬಿಡುವಳು. ಕೆಮ್ಮಿದವರಿಗೆ ನಮ್ಮಲ್ಲಿ ಮಾಡುವುದೇ ಅದು. ನಾನು ಕೂಗಾಡಿದೆ. "ನೀರಡಸಿದಾಕಿಗೆ ನೀರು ಕೊಡಬಾರದೇನ?" ಎಂದು ದೊಡ್ಡವ್ವ ಅತ್ತಳು.

ಜ್ವರ ಬಂತು. ಎದೆಯಲ್ಲಿ ಗೊರಗೊರ ಸದ್ದು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವಳು ಉಳಿದಳು, ನುಂಗುವ ಶಕ್ತಿ ಉಳಿಯಲಿಲ್ಲ. ಹೊಟ್ಟೆಗೆ ತೂತು ಮಾಡಿ ನಳಿಕೆ ಇಟ್ಟು ಕಳಿಸಿದರು.

ಈಗ ಆ ನಳಿಕೆಗೆ ದೊಡ್ಡ ಸಿರಿಂಜು ಸಿಕ್ಕಿಸಿ, ಗೇಣು ಮೇಲೆ ಹಿಡಿದು ನೀರು ಬಿಡುತ್ತೇನೆ. ಧಾರೆ ತಾನೇ ಇಳಿಯುತ್ತದೆ, ಯಾರ ತುಟಿಗೂ ತಾಗುವುದಿಲ್ಲ. ಅವ್ವನಿಗೆ ಮಾತು ಪೂರ್ತಿ ಹೋಗಿದೆ. ಮನೆಗೆ ಬಂದ ಮೊದಲ ದಿನ ಸಿರಿಂಜನ್ನು ನೋಡಿದಳು, ನನ್ನನ್ನು ನೋಡಿದಳು, ಒಂದು ಹುಬ್ಬು ಏರಿಸಿದಳು. ಗೆದ್ದವರು ವೇದಿಕೆಯಿಂದ ಹಾಗೆ ನೋಡುವುದನ್ನು ನಾನು ಬಲ್ಲೆ.

ಅವಳ ತುಟಿ ಒಣಗಿ ಬಿರಿದಿತ್ತು. ಒದ್ದೆ ಬಟ್ಟೆಯಿಂದ ಒರೆಸಿದೆ. ಬಟ್ಟೆಯನ್ನು ಮಡಚಿ ಪಕ್ಕದಲ್ಲಿಡಲು ಹೋದಾಗ ಅವಳ ಕಣ್ಣು ಬಚ್ಚಲಿನ ಕಡೆ ಹೊರಳಿತು. ನಾನು ಆ ಬಟ್ಟೆಯನ್ನು ಅಲ್ಲಿಗೆ ಒಯ್ದು ಬೇರೆ ಇಟ್ಟೆ.