ಬಾಳೆಹಣ್ಣು ಜೊತೆಗಿರಲಿ

ನಾನು ಸುಳ್ಳುಗಾರನಲ್ಲ. ವಯಸ್ಸಿನ ವಿಷಯದಲ್ಲಿ ಸುಳ್ಳು ಹೇಳಲು ತಲೆಗೂದಲು ಬಿಡುವುದಿಲ್ಲ, ಸಂಬಳದ ವಿಷಯದಲ್ಲಿ ಹೇಳಲು ಹೆಂಡತಿ ಬಿಡುವುದಿಲ್ಲ. ಆದರೆ ‘ಇವತ್ತು ಎಲ್ಲಿ ಊಟ ಮಾಡಿದೆ?’ ಎಂದು ಯಾರಾದರೂ ಕೇಳಿದರೆ ಸಾಕು, ನನ್ನ ನಾಲಿಗೆ ತಾನೇ ತಾನಾಗಿ ಅಡ್ಡದಾರಿ ಹಿಡಿಯುತ್ತದೆ. ಎರಡು ರೊಟ್ಟಿ ಹೊಡೆದು, ಮೇಲೆ ಮೊಸರು ಸುರಿದುಕೊಂಡು ಬಂದವನು ‘ಊಟಾನಾ? ಎಲ್ಲಿ ಸಿಕ್ತು ಮಾರಾಯ’ ಎಂದು ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತೇನೆ.

ನನ್ನ ಕೆಲಸ ಕೇಳಿದರೆ ನೀವು ಇನ್ನೂ ನಗುತ್ತೀರಿ. ತೂಕದ ಯಂತ್ರಗಳನ್ನು ಸರಿಮಾಡುವವನು ನಾನು. ಗೋದಾಮು, ಕಾರ್ಖಾನೆ, ಕೊರಿಯರ್ ಆಫೀಸು, ದೊಡ್ಡ ಕಂಪನಿಗಳ ಕ್ಯಾಂಟೀನು, ಎಲ್ಲೆಲ್ಲಿ ಯಂತ್ರ ಸುಳ್ಳು ಹೇಳುತ್ತದೋ ಅಲ್ಲಿಗೆ ಹೋಗಿ ಅದರ ಬಾಯಲ್ಲಿ ನಿಜ ಹೇಳಿಸಿ ಬರುವುದು ನನ್ನ ಹೊಟ್ಟೆಪಾಡು. ಆಫೀಸು ಪೀಣ್ಯದಲ್ಲಿ. ಬೆಳಗ್ಗೆ ತೂಕದ ಬಟ್ಟುಗಳ ಚೀಲ ಹೆಗಲಿಗೇರಿಸಿ ವೈಟ್‌ಫೀಲ್ಡ್ ಕಡೆಗೋ ಎಲೆಕ್ಟ್ರಾನಿಕ್ ಸಿಟಿ ಕಡೆಗೋ ಬಸ್ಸು ಹತ್ತಿದರೆ, ಅದು ಪ್ರವಾಸವಲ್ಲದೆ ಮತ್ತೇನು? ನಾನು ಮಾರತ್ತಹಳ್ಳಿ ಸೇತುವೆ ದಾಟುವಷ್ಟರಲ್ಲಿ, ನನ್ನ ಜೊತೆಗೇ ಮನೆ ಬಿಟ್ಟ ನನ್ನ ಷಡ್ಡಕ ಮೈಸೂರು ತಲುಪಿ ಕೈಕಾಲು ತೊಳೆದಿರುತ್ತಿದ್ದ. ಹಿಂದಿನ ಕಾಲದ ಪ್ರಯಾಣಿಕನಿಗೆ ದಾರಿಯಲ್ಲಿ ಛತ್ರವಿತ್ತು, ಅರವಟ್ಟಿಗೆಯಿತ್ತು. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ಹಿರಿಯರು ಅಷ್ಟು ಧೈರ್ಯವಾಗಿ ಹೇಳಿದ್ದು ಅದಕ್ಕೇ ಇರಬೇಕು. ಹೊರವರ್ತುಲ ರಸ್ತೆಯಲ್ಲಿ ಮಧ್ಯಾಹ್ನ ಒಂದೂವರೆಗೆ ಹಸಿದು ನಿಂತಿದ್ದರೆ ಅವರೂ ಮೊದಲು ಊಟ ಎಲ್ಲಿ ಎಂದು ಕೇಳುತ್ತಿದ್ದರು.

ಈ ಕಷ್ಟಕ್ಕೆ ನಮ್ಮ ಆಫೀಸಿನವರು ಒಂದು ದಾರಿ ಕಂಡುಕೊಂಡಿದ್ದರು. ಕೆಲಸ ಮುಗಿಸಿ ಬಂದವರು ಯಾವ ಯಂತ್ರಕ್ಕೆ ಏನಾಗಿತ್ತು ಎಂದು ಒಂದು ದಪ್ಪ ರಿಜಿಸ್ಟರಿನಲ್ಲಿ ಬರೆಯಬೇಕಿತ್ತು. ಅದರ ಕೊನೆಯ ಹಾಳೆಗೆ ‘ಊಟದ ಪುಟ’ ಎಂದು ಹೆಸರು. ಯಾವ ಏರಿಯಾಕ್ಕೆ ಹೋದರೆ ಎಲ್ಲಿ ಉಣ್ಣಬೇಕು ಎಂಬುದನ್ನು ಅಲ್ಲಿ ಬರೆದಿಡುವುದು. ‘ಬೊಮ್ಮಸಂದ್ರ: ಗೇಟಿನ ಎದುರಿನ ಗಾಡಿ, ಚಿತ್ರಾನ್ನ, ಹನ್ನೆರಡೂವರೆಯೊಳಗೆ ಹೋಗುವುದು.’ ‘ಮಹದೇವಪುರ: ಆಂಧ್ರ ಊಟ, ಗೋಂಗುರ ಚಟ್ನಿ ಕೇಳಿ ಹಾಕಿಸಿಕೊಳ್ಳುವುದು, ಊಟದ ಮೇಲೆ ಕೆಲಸವಿದ್ದರೆ ಹೋಗದಿರುವುದು.’ ಐದು ಜನ ಸರ್ವಿಸಿನವರು ಈ ಪುಟವನ್ನು ಪಂಚಾಂಗದಷ್ಟೇ ನಂಬಿದ್ದೆವು. ನಾನೂ ಮೊದಮೊದಲು ಪ್ರಾಮಾಣಿಕವಾಗಿಯೇ ಬರೆಯುತ್ತಿದ್ದೆ. ಪೀಣ್ಯ ಎರಡನೇ ಹಂತದಲ್ಲಿ ಒಬ್ಬ ಅಜ್ಜಿಯ ತಟ್ಟೆ ಇಡ್ಲಿ ಕಂಡುಹಿಡಿದು, ಹೆಮ್ಮೆಯಿಂದ ಬರೆದೆ. ಮರುವಾರ ನಾನು ಹೋಗುವಷ್ಟರಲ್ಲಿ ಇಡ್ಲಿ ಪಾತ್ರೆ ಖಾಲಿ, ನನ್ನ ನಾಲ್ವರು ಸಹೋದ್ಯೋಗಿಗಳು ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ಪ್ರಾಮಾಣಿಕತೆಯಿಂದ ಹೊಟ್ಟೆ ತುಂಬುವುದಿಲ್ಲ ಎಂಬ ಮಾತನ್ನು ಅಂದು ಅಕ್ಷರಶಃ ಅನುಭವಿಸಿದೆ.

ಒಳ್ಳೆಯ ಊಟ ಹುಡುಕುವುದರಲ್ಲಿ ನಾನು ಪಂಡಿತ, ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ. ಬೋರ್ಡು ದೊಡ್ಡದಾದಷ್ಟೂ ಸಾರು ತೆಳು ಎಂಬುದು ನನ್ನ ಮೊದಲ ಸಿದ್ಧಾಂತ. ಆಟೋದವರನ್ನು ಕೇಳಬಾರದು, ಭಾವಮೈದನ ಹೋಟೆಲಿಗೆ ಕರೆದೊಯ್ಯುತ್ತಾರೆ. ಕೊರಳಿಗೆ ಐಡಿ ಕಾರ್ಡು ತೂಗಿಬಿಟ್ಟವರನ್ನಂತೂ ಕೇಳಲೇಬಾರದು, ಅವರು ಮೂರನೇ ಮಹಡಿಯ ಫುಡ್ ಕೋರ್ಟು ತೋರಿಸುತ್ತಾರೆ. ಹೋಟೆಲಿನ ಬಾಗಿಲಲ್ಲಿ ನಿಂತು ಹೊರಗೆ ಬರುವವರ ಮುಖ ನೋಡಬೇಕು. ಮಾತಾಡುತ್ತಾ ಬಂದರೆ ಊಟ ಸಾಧಾರಣ. ಮಾತಿಲ್ಲದೆ, ಅವಸರವಿಲ್ಲದೆ, ಆಗತಾನೆ ಪೂಜೆ ಮುಗಿಸಿದವರ ಹಾಗೆ ಬಂದರೆ ಕಣ್ಣುಮುಚ್ಚಿ ಒಳಗೆ ಹೋಗಬಹುದು.

ಪಟ್ಟಂದೂರು ಅಗ್ರಹಾರದಲ್ಲಿ ಮಾತ್ರ ನನ್ನನ್ನು ಕರೆದದ್ದು ಯಾವ ಸಿದ್ಧಾಂತವೂ ಅಲ್ಲ, ಕಿವಿ. ದೊಡ್ಡ ಐಟಿ ಪಾರ್ಕಿನ ಬೆನ್ನಿಗಿರುವ ಹಳ್ಳಿ ಅದು. ಮೆಟ್ರೋ ಕಂಬಗಳು ಇನ್ನೂ ಅತ್ತ ಕಾಲಿಟ್ಟಿರಲಿಲ್ಲ. ಒಂದು ಗೋದಾಮಿನ ತೂಕದ ಯಂತ್ರ ಸರಿಮಾಡಿ, ಹಸಿದು ಓಣಿಯಲ್ಲಿ ಬರುತ್ತಿದ್ದೆ. ಗೋಡೆಯಾಚೆ ತಟ್‌ ತಟ್‌ ತಟ್‌ ಎಂದು ಸದ್ದು. ಯಾರೋ ಬಟ್ಟೆ ಒಗೆಯುತ್ತಿದ್ದಾರೆ ಎಂದುಕೊಂಡೆ. ಆದರೆ ಬಟ್ಟೆ ಒಗೆಯುವಲ್ಲಿಗೆ ಹಳದಿ ಹೆಲ್ಮೆಟ್ಟಿನ ಗಾರೆ ಕೆಲಸದವರು ಹತ್ತು ಹನ್ನೆರಡು ಜನ ಕೈ ತೊಳೆದುಕೊಂಡು ಯಾಕೆ ಹೋಗುತ್ತಾರೆ? ಹಿಂದೆಯೇ ಹೋದೆ. ತಗಡಿನ ಶೆಡ್ಡು, ನೆಲಕ್ಕೆ ಚಾಪೆ, ಬೋರ್ಡಿಲ್ಲ. ಒಲೆಯ ಮುಂದೆ ಕೂತು ಬಾಗಲಕೋಟೆ ಕಡೆಯ ನೀಲವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು.

ಮೃದುವಾದ ಎರಡು ಬಿಸಿ ರೊಟ್ಟಿ, ಎಣ್ಣೆ ಬಿಟ್ಟುಕೊಂಡ ಬದನೆಕಾಯಿ ಪಲ್ಯ, ಮಡಕೆ ಕಾಳು, ಶೇಂಗಾ ಚಟ್ನಿ, ಗಟ್ಟಿ ಮೊಸರು. ಎದುರಿಗೆ ಒಂದು ಬುಟ್ಟಿಯ ತುಂಬ ಅಗಲವಾದ ಹಪ್ಪಳ. ಊಟ ಬರುವ ಮೊದಲೇ ಒಂದನ್ನು ಮುರಿದು ಬಾಯಿಗೆ ಹಾಕಿದೆ. ಕರಿದದ್ದಲ್ಲ, ಸುಟ್ಟದ್ದು. ಇಂಗಿಲ್ಲ, ಖಾರವಿಲ್ಲ, ಉಪ್ಪು ಕೂಡ ಇದೆಯೋ ಇಲ್ಲವೋ ಎಂಬಂತೆ. ಆದರೂ ಬಿಡಲಾಗಲಿಲ್ಲ. “ಹಪ್ಪಳ ಬಹಳ ಚೆನ್ನಾಗಿದೆಯಮ್ಮ, ಇನ್ನೊಂದು ತಗೊಳ್ಳಲಾ?” ಎಂದೆ. ನೀಲವ್ವ ಒಂದು ಗಳಿಗೆ ನನ್ನ ಮುಖ ನೋಡಿ, “ತಗೋರಿ ಅಣ್ಣಾರ, ನಿಮಗೇನು ಬ್ಯಾಡ ಅಂದಾರೇನು?” ಎಂದಳು. ಅಕ್ಕಪಕ್ಕ ಕೂತವರೆಲ್ಲ ತಟ್ಟೆಯ ಮೇಲೆ ತಲೆ ತಗ್ಗಿಸಿದರು. ಅನ್ನದ ಮೇಲೆ ಈ ಜನಕ್ಕೆ ಎಂಥ ಭಕ್ತಿ ಎಂದುಕೊಂಡು ಆರನೆಯದಕ್ಕೆ ಕೈಹಾಕಿದೆ.

ಅಂದಿನಿಂದ ವೈಟ್‌ಫೀಲ್ಡಿನ ಕೆಲಸಗಳನ್ನು ಆದಷ್ಟೂ ನಾನೇ ಮೇಲೆ ಬಿದ್ದು ತೆಗೆದುಕೊಳ್ಳತೊಡಗಿದೆ. ನಾನು ಬಾಗಿಲಲ್ಲಿ ತಲೆ ಹಾಕಿದರೆ ಗಾರೆ ಕೆಲಸದವರೇ “ಯಕ್ಕಾ, ಸಾಹೇಬ್ರಿಗೆ ಹಪ್ಪಳಾ” ಎಂದು ಕೂಗಿ ಬುಟ್ಟಿ ಸರಿಸುತ್ತಿದ್ದರು. ಇಷ್ಟು ಪ್ರೀತಿಯಿಂದ ನನ್ನನ್ನು ನನ್ನ ಮಾವನ ಮನೆಯಲ್ಲೂ ನೋಡಿಕೊಂಡಿರಲಿಲ್ಲ. ನಾನು ಸುಮ್ಮನೆ ಉಣ್ಣುವವನೇ? ಆ ಹಪ್ಪಳದ ಬಗ್ಗೆ ಒಂದು ಸಿದ್ಧಾಂತವನ್ನೇ ಕಟ್ಟಿದೆ. ದಕ್ಷಿಣದ ನಾವು ಹಪ್ಪಳಕ್ಕೆ ಉಪ್ಪು, ಇಂಗು, ಮೆಣಸು ತುಂಬಿ ಅದನ್ನು ಊಟದ ಯಜಮಾನನನ್ನಾಗಿ ಮಾಡುತ್ತೇವೆ, ಉತ್ತರದವರು ಉಪ್ಪು ಬಿಟ್ಟು ಅದನ್ನು ಊಟದ ಸೇವಕನನ್ನಾಗಿ ಇಡುತ್ತಾರೆ, ಇದು ಆ ಸೀಮೆಯ ಸಂಯಮ. ಇದನ್ನು ಒಮ್ಮೆ ಶೆಡ್ಡಿನಲ್ಲಿ ವಿವರಿಸಿದಾಗ ಎಲ್ಲರೂ ಕೈ ನಿಲ್ಲಿಸಿ ಕೇಳಿದರು. ಒಬ್ಬನಿಗಂತೂ ಕಣ್ಣಲ್ಲಿ ನೀರು ಬಂತು.

ಊಟದ ಪುಟದಲ್ಲಿ ಮಾತ್ರ ಹೀಗೆ ಬರೆದೆ: ‘ಪಟ್ಟಂದೂರು ಅಗ್ರಹಾರ: ಏನೂ ಸಿಗುವುದಿಲ್ಲ. ಬಾಳೆಹಣ್ಣು ಜೊತೆಗಿರಲಿ.’

ಎರಡು ವರ್ಷ, ಆ ಕಡೆಗೆ ಹೋಗಬೇಕಾಗಿ ಬಂದಾಗಲೆಲ್ಲ ನನ್ನ ನಾಲ್ವರು ಸಹೋದ್ಯೋಗಿಗಳು ಚೀಲದಲ್ಲಿ ಬಾಳೆಹಣ್ಣು ಇಟ್ಟುಕೊಂಡು ಹೋದರು. ಅವರಲ್ಲಿ ಶ್ರೀಕಂಠ ಎಂಬವನು ಬಟ್ಟುಗಳ ಕೆಳಗೆ ಸಿಕ್ಕಿ ಅಪ್ಪಚ್ಚಿಯಾದ ಹಣ್ಣನ್ನು ನನ್ನೆದುರಿಗೇ ಬೆರಳಿನಿಂದ ತೆಗೆದು ತಿನ್ನುತ್ತಿದ್ದ. ಆಗ ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ಸಂಕಟವಾದರೂ ಬಾಯಿ ಬಿಡಲಿಲ್ಲ.

ಮೂರನೆಯ ವರ್ಷ ಶೆಡ್ಡಿನಲ್ಲಿ ಚಾಪೆಗಳು ಖಾಲಿ ಕಾಣತೊಡಗಿದವು. ಎದುರಿನ ಕಟ್ಟಡ ಮುಗಿದಿತ್ತು. ಗಾರೆ ಕೆಲಸದವರನ್ನು ಮೇಸ್ತ್ರಿ ಸರ್ಜಾಪುರದ ಕಡೆಯ ಹೊಸ ಕೆಲಸಕ್ಕೆ ಸಾಗಿಸಿದ್ದ. ಒಂದು ದಿನ ನಾನು ಉಣ್ಣುತ್ತಿದ್ದಾಗ ಜಾಗದ ಮಾಲೀಕರಾದ ಪಾಪಣ್ಣನವರು ಬಂದು ಬಾಗಿಲಲ್ಲಿ ನಿಂತರು. ಊರಿನ ಹಳೇ ಒಕ್ಕಲು, ರಾಗಿ ಬೆಳೆಯುತ್ತಿದ್ದ ಹೊಲದಲ್ಲೀಗ ಬಾಡಿಗೆ ಮನೆಗಳನ್ನು ಬೆಳೆಯುತ್ತಿದ್ದರು. ನೀಲವ್ವ ಎದ್ದು ನಿಂತು, ಒಂದು ರೊಟ್ಟಿ ಉಂಡು ಹೋಗಿರೆಂದು ಕರೆದಳು. ಅವರು ಬೇಡವೆಂದು ಕೈಯಾಡಿಸಿಬಿಟ್ಟರು.

“ರೊಟ್ಟಿ ಗಿಟ್ಟಿ ನಮಗಾಗಾಕಿಲ್ಲ ಕಣಮ್ಮ, ಮುದ್ದೆ ತಿಂದ ಹೊಟ್ಟೆ. ಜನ ಇಲ್ದೆ ಇರೋ ಶೆಡ್ಡು ಮಡಿಕ್ಕೊಂಡು ನಾನೇನ್ ಮಾಡ್ಲಿ, ಏಳು. ಯುಗಾದಿಗಂಟ ನೋಡ್ತೀನಿ. ಇಂಗೇ ಇದ್ರೆ ಕಿತ್ತಾಕಿ ಹುಡುಗ್ರಿಗೆ ರೂಮು ಕಟ್ಟಿಸ್ತೀನಿ.”

ಅವರು ಹೋದ ಮೇಲೆ ನೀಲವ್ವ ಒಲೆಯ ಮುಂದೆ ಕೂತಳು, ಆದರೆ ರೊಟ್ಟಿ ಬಡಿಯಲಿಲ್ಲ. ಬೇರೆಯವರ ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಎಲ್ಲಾದರೂ ಇದ್ದರೆ ಹೇಳಿ ಎಂದು ನನ್ನನ್ನು ಕೇಳಿದಳು. ಆ ಕೈಯಲ್ಲಿ ಪಾತ್ರೆ ತೊಳೆಸುವುದೇ? ಐಟಿ ಪಾರ್ಕಿನ ಸಾವಿರಾರು ಹೊಟ್ಟೆಗಳು ಗೋಡೆಯಾಚೆ ಹಸಿದಿರುವಾಗ ಇಲ್ಲಿ ಚಾಪೆ ಖಾಲಿ. ಇದರಲ್ಲಿ ನನ್ನ ಪಾಲೂ ಇದೆಯಲ್ಲ ಎನ್ನಿಸಿ ನಾಚಿಕೆಯಾಯಿತು. ಊರೆಲ್ಲ ತಿರುಗುವ ಐದು ಬಾಯಿಗಳಲ್ಲಿ ನಾಲ್ಕಕ್ಕೆ ನಾನೇ ಬಾಳೆಹಣ್ಣು ತುರುಕಿದ್ದೆ.

ಅಂದು ಸಂಜೆಯೇ ರಿಜಿಸ್ಟರ್ ತೆಗೆದು ಹಳೆಯ ಸಾಲು ಹೊಡೆದುಹಾಕಿ, ‘ಪಟ್ಟಂದೂರು ಅಗ್ರಹಾರ: ನೀಲವ್ವನ ರೊಟ್ಟಿ ಊಟ, ಬೆಂಗಳೂರಿನಲ್ಲೇ ಇಂಥದ್ದಿಲ್ಲ, ಎಲ್ಲರಿಗೂ ಹೇಳಿ’ ಎಂದು ಬರೆದೆ. ಬಾಯಲ್ಲೂ ಹೇಳಿದೆ. ಮೂರು ವಾರವಾದರೂ ಒಬ್ಬನೂ ಹೋಗಲಿಲ್ಲ. ಕಾರಣವಿತ್ತು. ಹಿಂದೊಮ್ಮೆ ಶ್ರೀಕಂಠ ನನ್ನ ಸ್ಪ್ಯಾನರು ಕಳೆದಾಗ, ಸೇಡಿಗೆಂದು ಮಾರತ್ತಹಳ್ಳಿಯ ಒಂದು ಮೂಲೆಯ ಹೋಟೆಲಿನ ಪೂರಿಯನ್ನು ಹಾಡಿಹೊಗಳಿ ಬರೆದಿದ್ದೆ. ಅದನ್ನು ತಿಂದು ಅವನು ಎರಡು ದಿನ ರಜೆ ಹಾಕಿದ್ದ. ಈಗ ನಾನು ದೇವರಾಣೆ ಹಾಕಿದರೂ ಅವನು ಬಾಳೆಹಣ್ಣನ್ನೇ ಎತ್ತಿ ಚೀಲಕ್ಕೆ ಹಾಕಿಕೊಂಡ.

“ನೀನು ಚೆನ್ನಾಗಿದೆ ಅಂದ್ರೆ ಹೊಟ್ಟೆ ಈಗ್ಲೇ ತೊಳಸುತ್ತೆ ಗುರು. ಹೋಗ್ಬೇಡ ಅಂತ ಹೇಳು, ಆಗ ಯೋಚ್ನೆ ಮಾಡ್ತೀನಿ.”

ಜಗತ್ತಿನ ಎಲ್ಲ ತಕ್ಕಡಿಗಳನ್ನೂ ನೇರ ಮಾಡುವ ನನಗೆ ಇಷ್ಟು ಹೊಳೆಯಬಾರದೇ? ಯಂತ್ರ ಯಾವಾಗಲೂ ನೂರು ಗ್ರಾಂ ಹೆಚ್ಚು ತೋರಿಸುತ್ತಿದ್ದರೆ, ಅದನ್ನು ಸರಿಮಾಡದೆಯೂ ನೂರು ಗ್ರಾಂ ಕಳೆದು ಓದಬಹುದು. ನನ್ನ ಸಹೋದ್ಯೋಗಿಗಳು ನನ್ನನ್ನು ಹಾಗೆಯೇ ಓದುತ್ತಿದ್ದರು. ಕೂಡಲೇ ಹೊಗಳಿಕೆಯ ಸಾಲಿನ ಮೇಲೆ ಕಾಟು ಹೊಡೆದು, ಕೆಂಪು ಪೆನ್ನಿನಲ್ಲಿ ಬರೆದೆ: ‘ಹಿಂದೆ ಬರೆದದ್ದು ತಪ್ಪು. ನೀಲವ್ವನ ಶೆಡ್ಡಿಗೆ ಯಾರೂ ಯಾವ ಕಾರಣಕ್ಕೂ ಹೋಗಬೇಡಿ. ಗುರುವಾರ ಅಂತೂ ಬೇಡವೇ ಬೇಡ.’ ಕೆಳಗೆ ಎರಡು ಗೆರೆ ಎಳೆದೆ. ಗುರುವಾರ ನಾನು ಆ ಕಡೆ ಹೋಗುವ ದಿನವೆಂದು ಎಲ್ಲರಿಗೂ ಗೊತ್ತಿತ್ತು.

ಆ ಗುರುವಾರ ನಾನು ಶೆಡ್ಡಿಗೆ ಹೋದಾಗ ನಾಲ್ವರೂ ಸಾಲಾಗಿ ಕೂತಿದ್ದರು. ಶ್ರೀಕಂಠ ಬದನೆಕಾಯಿ ಪಲ್ಯ ಬೆರಳಿನಿಂದ ನೆಕ್ಕುತ್ತಾ ನನ್ನನ್ನು ನೋಡಿದ ನೋಟವನ್ನು ಮರೆಯಲಾರೆ. ಎರಡು ವರ್ಷದ ಬಾಳೆಹಣ್ಣುಗಳೆಲ್ಲ ಅದರಲ್ಲಿದ್ದವು. ಬಾಯಿತುಂಬ ಬೈದ. ನಾನು ಸಂತೋಷದಿಂದ ಬೈಸಿಕೊಂಡೆ. ಆಮೇಲೆ ನನ್ನ ಮೇಲಿನ ಸಿಟ್ಟನ್ನು ತೀರಿಸಿಕೊಳ್ಳಲೆಂದೇ ಅವನು ತಾನು ಹೋದ ಪ್ರತಿ ಗೋದಾಮು, ಪ್ರತಿ ಕ್ಯಾಂಟೀನು, ಪ್ರತಿ ಸೆಕ್ಯುರಿಟಿ ಗೇಟಿನಲ್ಲಿ, ‘ಒಬ್ಬ ಪಾಪಿ ಎರಡು ವರ್ಷ ಬಚ್ಚಿಟ್ಟಿದ್ದ ಊಟ’ ಎಂದು ಸಾರಿಕೊಂಡು ಬಂದ. ಬಚ್ಚಿಟ್ಟದ್ದು ಎಂದರೆ ಯಾರಿಗೆ ಬೇಡ? ಹದಿನೈದು ದಿನದಲ್ಲಿ ಐಡಿ ಕಾರ್ಡಿನವರು ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂರುವಂತಾಯಿತು.

ಅವರಲ್ಲೊಬ್ಬಳು ಕಲಬುರಗಿಯ ಹುಡುಗಿ. ಒಂದು ದಿನ ನನ್ನ ಪಕ್ಕ ಕೂತು, ನನ್ನ ಹಪ್ಪಳದ ಬುಟ್ಟಿ ತೋರಿಸಿ, “ಯಕ್ಕಾ, ಒಂದೆರಡು ಖಡಕ್ ರೊಟ್ಟಿ ಕೊಡ್ರಿ” ಎಂದಳು. ನೀಲವ್ವ ಬುಟ್ಟಿ ಎತ್ತಿಕೊಟ್ಟಳು. ಇದು ಹಪ್ಪಳ ಎಂದು ನಾನು ಆ ಹುಡುಗಿಗೆ ತಿಳಿಹೇಳಿದೆ. ಉಪ್ಪಿನ ಸಿದ್ಧಾಂತವನ್ನೂ ಆರಂಭಿಸಿದೆ. ಅವಳು ಕಕ್ಕಾಬಿಕ್ಕಿಯಾಗಿ ನೀಲವ್ವನ ಮುಖ ನೋಡಿದಳು. ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಜೋಳದ ರೊಟ್ಟಿಯನ್ನೇ ತೆಳ್ಳಗೆ ಬಡಿದು ಒಣಗಿಸಿದರೆ ಖಡಕ್ ರೊಟ್ಟಿ, ತಿಂಗಳುಗಟ್ಟಲೆ ಕೆಡುವುದಿಲ್ಲ ಎಂದು ಆ ಹುಡುಗಿಯೇ ಮೆಲ್ಲಗೆ ಹೇಳಿದಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ನೀಲವ್ವನನ್ನು ಕೇಳಿದೆ.

“ಹಪ್ಪಳ ಅಂತ ಆರು ತಿಂತಿದ್ರಿ ಅಣ್ಣಾರ. ರೊಟ್ಟಿ ಅಂತ ಹೇಳಿದ್ರ ಎರಡಕ್ಕ ಕೈ ತೊಳಕೋತಿದ್ರಿ. ಉಣ್ಣೋರ ಬಾಯಿಗೆ ಯಾಕ ಅಡ್ಡ ಬರೋದು?”

ಅಂದರೆ ನಾನು ಎರಡು ವರ್ಷ ಆ ಶೆಡ್ಡಿನ ಗುಟ್ಟು ಕಾಯುತ್ತಿದ್ದಾಗ, ಇಡೀ ಶೆಡ್ಡು ನನ್ನ ಗುಟ್ಟು ಕಾಯುತ್ತಿತ್ತು. ಕಣ್ಣಲ್ಲಿ ನೀರು ತಂದುಕೊಂಡವನ ನೆನಪಾಗಿ ಕಿವಿ ಬಿಸಿಯಾಯಿತು. ನಾಚಿಕೆಯಲ್ಲೂ ಕೈ ಬುಟ್ಟಿಗೇ ಹೋಯಿತು ಅನ್ನುವುದನ್ನೂ ಒಪ್ಪಿಕೊಳ್ಳುತ್ತೇನೆ.

ಯುಗಾದಿಗೆ ಒಂದು ವಾರವಿದ್ದಾಗ ಪಾಪಣ್ಣನವರು ಬಂದರು. ಬಾಗಿಲಲ್ಲಿ ಚಪ್ಪಲಿ ದಾಟಿ ಒಳಗೆ ಬರಲು ಅವರಿಗೆ ಜಾಗವಿರಲಿಲ್ಲ. ನಾನು ಸರಿದು ಪಕ್ಕದಲ್ಲಿ ಕೂರಿಸಿಕೊಂಡೆ. ಜನವನ್ನು ಒಮ್ಮೆ, ತಗಡನ್ನು ಒಮ್ಮೆ ನೋಡಿದರು. ಮುಖದಲ್ಲಿ ಇನ್ನೂ ತೀರ್ಮಾನವಿರಲಿಲ್ಲ. ನೀಲವ್ವ ಬಿಸಿ ರೊಟ್ಟಿ ತಂದಳು. ಅವರು ಮತ್ತೆ ಬೇಡವೆಂದರು. ಬೇಡವೆನ್ನುತ್ತಲೇ, ಎದುರಿಗಿದ್ದ ಬುಟ್ಟಿಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಅಗಿದರು. ಇನ್ನೊಂದು ಚೂರು ತೆಗೆದುಕೊಂಡು ಅದರ ಮೇಲೆ ಶೇಂಗಾ ಚಟ್ನಿ ಉದುರಿಸಿಕೊಂಡರು.

“ರೊಟ್ಟಿ ಬ್ಯಾಡ ಕಣಮ್ಮ. ಈ ಅಪ್ಪಳ ಮಾತ್ರ ಪಸಂದಾಗೈತೆ, ಇನ್ನೆಲ್ಡು ಮಡಗು.”

ಶೆಡ್ಡಿನಲ್ಲಿ ಅಗಿಯುವ ಸದ್ದು ನಿಂತಿತು. ಕಲಬುರಗಿಯ ಹುಡುಗಿ ಬಾಯಿ ತೆರೆಯುವುದರಲ್ಲಿದ್ದಳು, ಶ್ರೀಕಂಠ ಅವಳ ಕೈಗೆ ನೀರಿನ ಲೋಟ ಕೊಟ್ಟ. ಪಾಪಣ್ಣನವರು ಆರನೆಯದನ್ನು ಮುರಿಯುತ್ತಾ, ಶೆಡ್ಡು ಇರಲಿ ಬಿಡು, ಮಳೆಗಾಲಕ್ಕೆ ಮುಂಚೆ ಈ ತಗಡು ಬದಲಾಯಿಸಬೇಕು ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

“ಉಪ್ಪೇ ಇಲ್ವಲ್ಲ ಸಾರ್, ಇದ್ಯಾವ ಸೀಮೆ ಅಪ್ಪಳ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಲೆಯ ಮುಂದೆ ನೀಲವ್ವನ ಕೈ ಹಿಟ್ಟಿನ ಮೇಲೆ ನಿಂತಿತ್ತು.

“ಉತ್ತರದ ಕಡೆ ಹಂಗೇ ಪಾಪಣ್ಣೋರೆ” ಎಂದೆ. “ಹಪ್ಪಳಕ್ಕೆ ಉಪ್ಪು ಹಾಕಲ್ಲ. ಅದು ಆ ಸೀಮೆಯ ಸಂಯಮ.”

ಅವರು ತಲೆದೂಗಿದರು. ಒಲೆಯ ಕಡೆಯಿಂದ ಮತ್ತೆ ತಟ್‌ ತಟ್‌ ಎಂದು ಸದ್ದು ಕೇಳಿಸಿತು. ಇಡೀ ಶೆಡ್ಡು ತಟ್ಟೆಯ ಮೇಲೆ ತಲೆ ತಗ್ಗಿಸಿತು, ನಾನೂ ಬಹಳ ಭಕ್ತಿಯಿಂದ ತಗ್ಗಿಸಿದೆ.