ನಾದಿನಿಯ ಕಣ್ಣಿನ ಕೆಂಪು

ಕೊಡಿಗೇನಹಳ್ಳಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಆ ಅಡುಗೆಮನೆಯಲ್ಲಿ ನನಗೆ ಸರಿಬೀಳದಿದ್ದದ್ದು ಒಂದೇ, ಅತ್ತೆಯ ಕಬ್ಬಿಣದ ಬಾಣಲೆ. ಹುಣಸೆಹುಳಿ ಹಿಂಡಿ ಅದರಲ್ಲಿ ಬೇಯಿಸಿದ ಸೊಪ್ಪು ಇದ್ದಿಲಿನಷ್ಟು ಕಪ್ಪಾಗುತ್ತಿತ್ತು. ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ತಟ್ಟೆ, ಲೋಟ, ನೆಲ, ನಮ್ಮ ಉಗುರು ಸಹ ಫಳಫಳ ಅನ್ನಬೇಕಿತ್ತು. ಎರಡನೇ ತಿಂಗಳಿಗೇ ತವರಿನ ಅಲ್ಯೂಮಿನಿಯಂ ಬಾಣಲೆಯನ್ನು ಒಲೆಗೇರಿಸಿ, ಕಬ್ಬಿಣದ್ದನ್ನು ಪಕ್ಕದ ಮನೆಯ ಆಪಾಗೆ ಕೊಟ್ಟುಬಿಟ್ಟೆ. ಆಕೆಯ ಗಂಡ ಶಿರಾದವರು, ಊರೂರು ತಿರುಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು.

ಅತ್ತೆ ಗೋಡೆಯ ಖಾಲಿ ಗೂಟವನ್ನು ನೋಡಿದರು, ನನ್ನನ್ನು ನೋಡಿದರು. "ಹೋಗ್ಲಿ ಬುಡು, ಇದು ಎತ್ತಿಳಸಾಕೆ ಹಗುರಾಗೈತೆ," ಅಂದರು.

ನನ್ನ ನಾದಿನಿಗೆ ಆಗ ಹದಿನಾಲ್ಕು. ನಮ್ಮ ಬೀದಿಯಿಂದ ಮಧುಗಿರಿಯ ಹೈಸ್ಕೂಲಿಗೆ ಬಸ್ಸು ಹತ್ತುತ್ತಿದ್ದ ಹುಡುಗಿ ಅವಳೊಬ್ಬಳೇ. ಅದೇ ವರ್ಷ ದೊಡ್ಡವಳಾಗಿದ್ದಳು. ತಿಂಗಳು ತಿಂಗಳೂ ಏಳು ದಿನ, ಎಂಟು ದಿನ ರಕ್ತ ನಿಲ್ಲುತ್ತಿರಲಿಲ್ಲ. ಹಿತ್ತಲಿನ ಬೇಲಿಯ ಮೇಲೆ, ಹಳೇ ಸೀರೆಯ ಮರೆಯಲ್ಲಿ ಒಣಗುತ್ತಿದ್ದ ಬಟ್ಟೆಯ ತುಂಡುಗಳು ನನ್ನವಕ್ಕಿಂತ ಎರಡರಷ್ಟಿರುವುದನ್ನು ಕಂಡೆ. ಕಂಡೆನೇ ಹೊರತು ಯೋಚಿಸಲಿಲ್ಲ.

ಮುಂದಿನ ಶಿವರಾತ್ರಿ ಕಳೆದ ವಾರ ಅವಳು ಬಸ್ಸಿನಲ್ಲಿ ಎಚ್ಚರ ತಪ್ಪಿದಳು. ಊರಿನ ಹೆಂಗಸೊಬ್ಬರು ತೋಳು ಹಿಡಿದು ಮನೆಗೆ ಕರೆತಂದರು.

"ಸುಮ್ಕೆ ಕಣ್ಣು ಕತ್ಲೆ ಬಂತು ಅತ್ಗೆ," ಅಂದಳು ನನ್ನ ಕಿವಿಯಲ್ಲಿ. "ಎಲ್ರೂ ಸತ್ತೇ ಹೋದ್ಲು ಅನ್ನಂಗೆ ಆಡ್ತಾವ್ರೆ."

ಮಾವ ಜಗಲಿಯಲ್ಲಿ ಕೂತೇ ತೀರ್ಮಾನ ಹೇಳಿದರು. "ಓದೀ ಓದೀ ರಕ್ತ ಬತ್ತೋಗೈತೆ. ಬೇಸ್ಗೆ ರಜ ಮುಗಿಯೋವತ್ಗೆ ಮೊಕದಾಗೆ ಕೆಂಪು ಕಾಣ್ಲಿ, ಕಳಿಸ್ತೀನಿ. ಕಾಣ್ದಿದ್ರೆ ಮನೇಲಿರ್ಲಿ." ಅವರು ಕೆಟ್ಟವರಲ್ಲ, ಹೆದರಿದ್ದರು. ನಾದಿನಿ ಮಾತ್ರ ಪುಸ್ತಕದ ಚೀಲವನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ.

ಮಧುಗಿರಿ ಆಸ್ಪತ್ರೆಯ ಲೇಡಿ ಡಾಕ್ಟರು ಅವಳ ಕೆಳರೆಪ್ಪೆ ಎಳೆದು ತೋರಿಸಿದರು. ಕೆಂಪಿರಬೇಕಾದ ಕಡೆ ಮೂಲಂಗಿಯ ಬಿಳುಪು. ಕಬ್ಬಿಣಾಂಶದ ಟಾನಿಕ್ ಬರೆದುಕೊಟ್ಟು, "ಹೋದ ರಕ್ತವನ್ನು ಮೈ ತಾನೇ ಮಾಡ್ಕೊಳ್ಳುತ್ತೆ ಕಣಮ್ಮ, ಅದಕ್ಕೆ ಸಾಮಾನು ಒದಗಿಸಬೇಕು," ಅಂದರು.

ಆ ಮಾತಿಗೆ ನನ್ನ ಶಾಲೆ ನೆನಪಾಯಿತು. ನಮಗೆ ಪಾಠ ಹೇಳುತ್ತಿದ್ದ ಸಿಸ್ಟರು ಒಂದು ಮಧ್ಯಾಹ್ನ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಗಾಜಿನ ಲೋಟದಲ್ಲಿ ಕೆಂಪು ಮಸಿಯ ನೀರು ತುಂಬಿ, ಅದರಿಂದ ನಾಲ್ಕು ಚಮಚ ತೆಗೆದು, ಅಷ್ಟೇ ಬರೀ ನೀರು ಹಾಕಿದ್ದರು. ಮಟ್ಟ ಮೊದಲಿನಂತೆಯೇ ಆಯಿತು, ಬಣ್ಣ ತೆಳುವಾಯಿತು. ಮೈಯೂ ಹೀಗೆಯೇ, ನೀರನ್ನು ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಕೆಂಪನ್ನು ಮಾತ್ರ ಮೂಳೆಯೊಳಗಿನ ಮಜ್ಜೆ ವಾರಗಟ್ಟಲೆ ಕೂತು ತಯಾರಿಸಬೇಕು, ಅದಕ್ಕೆ ಕಬ್ಬಿಣ ಬೇಕು, ಎಂದಿದ್ದರು. ಹೆಚ್ಚಿನ ಹೆಂಗಸರಿಗೆ ಒಂದು ಮುಟ್ಟಿನಿಂದ ಇನ್ನೊಂದರವರೆಗಿನ ದಿನಗಳು ಅದಕ್ಕೆ ಸಾಕಾಗುತ್ತವೆ. ಉಗ್ರಾಣ ಬರಿದಾದವರಿಗೆ ಸಾಲುವುದಿಲ್ಲ. ಆಗ ಹೃದಯವೇ ತೆಳು ರಕ್ತವನ್ನು ಬೇಗ ಬೇಗ ಓಡಿಸಿ ಸರಿದೂಗಿಸುತ್ತದೆ.

ನಾದಿನಿ ಮತ್ತೆ ಹೊರಗಾಗಿ ಹಿತ್ತಲ ಕೋಣೆಯಲ್ಲಿ ಕೂತಾಗ, ಹೊಸ್ತಿಲ ಈಚೆ ಕೂತು ಇದನ್ನೆಲ್ಲ ಹೇಳಿದೆ.

"ಅಂದ್ರೆ ನನ್ನೆದೆ ಡಬಡಬ ಅನ್ನೋದು ರೋಗ ಅಲ್ವಾ?"

"ಅಲ್ಲ. ಅದಕ್ಕೆ ಕೆಲಸ ಜಾಸ್ತಿ."

ಅವಳು ಸ್ವಲ್ಪ ಹೊತ್ತು ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅರ್ಧ ಖಾಲಿ ಬಸ್ಸು ಎರಡೆರಡು ಟ್ರಿಪ್ ಹೊಡ್ದಂಗೆ," ಅಂದಳು. ಸಿಸ್ಟರಿಗೂ ಇಷ್ಟು ಚೆನ್ನಾಗಿ ಹೊಳೆದಿರಲಿಲ್ಲ.

ಆದರೆ ಟಾನಿಕ್ ಅಂದರೆ ಬಾಯಿ ಬಿಗಿಹಿಡಿಯುತ್ತಿದ್ದಳು. "ಮೊಳೆ ನೆಕ್ಕಿದಂಗೈತೆ. ನೀವೇ ಕುಡೀರಿ ನೋಡಾಣ." ಕುಡಿದೆ. ನಾಲಿಗೆಯ ಅಂಚಿಗೆ ಹತ್ತಿದ ಆ ಒಗರು ನನಗೆ ಗೊತ್ತಿದ್ದ ರುಚಿ. ಎಲ್ಲಿಯದು ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಈ ಮನೆಯಲ್ಲಿ ಮೊದಲ ತಿಂಗಳು ನಾನು ಮುಖ ಕಿವುಚಿಕೊಂಡು ಉಂಡ ಕಪ್ಪು ಸೊಪ್ಪು. ಹುಣಸೆಹುಳಿಗೆ ಬಾಣಲೆಯ ಕಬ್ಬಿಣವೇ ಅದರೊಳಗೆ ಇಳಿಯುತ್ತಿತ್ತು.

ಚಮಚ ಅಲ್ಲೇ ಇಟ್ಟು ಪಕ್ಕದ ಮನೆಗೆ ಹೋದೆ. ಆಪಾ ಒಲೆಯ ಮುಂದಿದ್ದರು, ಬಾಣಲೆ ಒಲೆಯ ಮೇಲಿತ್ತು.

"ಆಪಾ, ಕೊಟ್ಟಿದ್ದನ್ನ ಕೇಳಬಾರದು..."

"ಕೇಳ್ಬಾರ್ದು ಅಂತ ಗೊತ್ತೈತಲ್ಲ, ಮತ್ತೆ ಯಾಕೆ ಬಂದೆ?" ಅಂದರು ತಿರುಗದೆ. ಸಂಗತಿ ಹೇಳಿದ ಮೇಲೆ ಸೌಟು ಕೆಳಗಿಟ್ಟರು. "ಅಲ್ಲಮ್ಮ, ಇಷ್ಟೆಲ್ಲ ಇಂಗ್ಲಿಷ್ ಓದಿ, ಸೊಪ್ಪು ಕಪ್ಪಾಗ್ಬಾರ್ದು ಅಂತ ಮಗೂನ್ನ ಬೆಳ್ಳಗೆ ಮಾಡಿದ್ಯಾ? ಇದ್ರಲ್ಲಿರೋ ಪಲ್ಯ ಮುಗೀಲಿ, ತಗೊಂಡ್ಹೋಗು. ನಿನ್ನ ಆ ಹೊಳೆಯೋದು ನಂಗೆ ಕೊಡು, ಹಾಲು ಕಾಯಿಸ್ತೀನಿ."

ಅತ್ತೆಗೆ ಹೇಳುವುದೇ ಕಷ್ಟವಾಯಿತು. ನನ್ನ ತಪ್ಪಿನಿಂದಲೂ ಇರಬಹುದು ಅಂದೆ. ಅವರು ಬಾಣಲೆಯನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ನಮ್ಮತ್ತೆದು ಕಣಮ್ಮ ಇದು. ಆಪಾ ಚೆನ್ನಾಗೇ ಪಳಗಿಸವ್ಳೆ," ಅಂದರು. ನನ್ನ ಕಣ್ಣು ತುಂಬಿದ್ದನ್ನು ನೋಡಿ, "ಅಳಾಕೆ ಹೋಗ್ಬೇಡ, ಹುಣಸೆಹಣ್ಣು ನೆನಿಯಾಕು," ಅಂದರು.

ಆ ಬೇಸಿಗೆಯೆಲ್ಲ ನಮ್ಮ ತಟ್ಟೆಗಳು ಕಪ್ಪಾಗಿದ್ದವು. ದಂಟು, ನುಗ್ಗೆ, ಹುರುಳಿಕಾಳು, ಮೇಲೆ ಹಿಂಡಿದ ನಿಂಬೆ. ಟಾನಿಕ್ ಕುಡಿದು ನಾದಿನಿಯ ಹಲ್ಲೂ ಕಪ್ಪಾಯಿತು, ಕನ್ನಡಿಯಲ್ಲಿ ನೋಡಿಕೊಂಡು ನಕ್ಕಳು. ಮುಂದಿನ ತಿಂಗಳು ಹೊರಗಾದಾಗ ಮೊದಲ ಮೂರು ದಿನ ಮಲಗಿಯೇ ಕಳೆದಳು. ಅದರ ಮುಂದಿನ ತಿಂಗಳು ಗೋಡೆಗೊರಗಿ ಕೂತಳು. ರಜೆಯ ಕೊನೆಯಲ್ಲಿ ಹೊಸ್ತಿಲ ಆಚೆ ಅವಳು, ಈಚೆ ನಾನು, ನಡುವೆ ಚೌಕಾಬಾರ, ಸೋತದ್ದು ನಾನೇ. ರಕ್ತ ಹೋಗುವುದೇನೂ ಕಡಿಮೆಯಾಗಿರಲಿಲ್ಲ, ಮೈ ಈಗ ಅದಕ್ಕೆ ಸಮನಾಗಿ ನಿಂತಿತ್ತು. ಟಾನಿಕ್ಕೋ ಬಾಣಲೆಯೋ, ಕೆಲಸ ಯಾವುದರದ್ದು ಎಂದು ನಾನು ಬೇರೆ ಮಾಡಿ ಹೇಳಲಾರೆ.

ಶಾಲೆ ಶುರುವಾಗುವ ಬೆಳಿಗ್ಗೆ ಮಾವ ಮಗಳನ್ನು ಅಂಗಳದ ಬಿಸಿಲಿಗೆ ಕರೆದರು. ಲೇಡಿ ಡಾಕ್ಟರು ಮಾಡಿದ್ದನ್ನು ಅತ್ತೆಯಿಂದ ಕೇಳಿಕೊಂಡಿದ್ದರೇನೋ, ಒರಟು ಹೆಬ್ಬೆರಳಿನಿಂದ ಅವಳ ರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದರು. ನಾನೂ ಅತ್ತೆಯೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆವು. ಒಳಗೆ ದಾಳಿಂಬೆ ಹೂವಿನ ಕೆಂಪು. ಮಾವ ಆ ಕಣ್ಣನ್ನು ಬಿಟ್ಟು ಇನ್ನೊಂದನ್ನೂ ನೋಡಿದರು.

"ಬಸ್ಸು ಬರೋವತ್ತಾತು," ಅಂದರು. "ಇನ್ನೂ ಜಡೆ ಹಾಕಿಲ್ವೇನ್ಲೇ ನಿಂಗೆ?"

ಬಾಚಣಿಗೆ ತರಲು ನಾನು ಒಳಗೆ ಓಡಿದೆ.